ಶಾ ವಲಿಯುಲ್ಲಾ ಅವರ ಮನೆತನ ಈಗ ಎಲ್ಲಿದೆ? ರಕ್ತದ ವಂಶ, ಸನದಿನ ವಂಶ

ಪ್ರಶ್ನೆ: ನಮ್ಮ ಅಕ್ಕನ ಮಗ ಬೆಂಗಳೂರಲ್ಲಿ ಆಲಿಮ್ (ಇಸ್ಲಾಮಿ ವಿದ್ವಾಂಸ) ಕೋರ್ಸ್ ಮುಗಿಸ್ದ, ಖತ್ಮೆ ಬುಖಾರಿ, ಅಂದ್ರೆ ಬುಖಾರಿ ಗ್ರಂಥದ ಪಾಠ ಮುಗಿಸೋ ಕಾರ್ಯಕ್ರಮಕ್ಕೆ ನಾವೆಲ್ಲ ಹೋಗಿದ್ವಿ. ಕೊನೇಲಿ ಹಜ್ರತ್ ಒಬ್ರು ಒಂದೇ ಉಸಿರಲ್ಲಿ ಉದ್ದಕ್ಕೆ ಹೆಸರುಗಳನ್ನ ಓದಿದ್ರು, ಅದ್ರಲ್ಲಿ ಶಾ ಇಸ್‌ಹಾಕ್, ಶಾ ಅಬ್ದುಲ್ ಅಜೀಜ್, ಶಾ ವಲಿಯುಲ್ಲಾ ದೆಹಲವಿ ಅಂತ ಬಂತು. ಆಮೇಲೆ ವಿಚಾರಿಸಿದ್ರೆ ದೇವಬಂದ್‌ನವರೂ ವಲಿಯುಲ್ಲಾ ನಮ್ಮವರು ಅಂತಾರೆ, ಅಹ್ಲೆ ಹದೀಸ್‌ನವರೂ ಅಂತಾರೆ, ಸುನ್ನತ್ ಜಮಾತ್‌ನ ಗೆಳೆಯನೂ ಅದನ್ನೇ ಅಂದ. ಇವರ ಮಕ್ಕಳು ಮೊಮ್ಮಕ್ಕಳು ಏನಾದ್ರು? ವಂಶ ಈಗ್ಲೂ ಇದೆಯಾ? ಇಷ್ಟೊಂದು ಗುಂಪು ಒಬ್ರನ್ನೇ ಹೇಗೆ ಹಂಚ್ಕೊಂಡ್ವು?

ಉತ್ತರ: ನಿಮ್ಮ ಪ್ರಶ್ನೆ ಓದಿ ನಂಗೆ ನಿಜವಾಗ್ಲೂ ಖುಷಿ ಆಯ್ತು. ಆ ಹೆಸರುಗಳ ಸರಪಳಿ ಓದೋವಾಗ ಹೆಚ್ಚಿನವರು ಗಡಿಯಾರ ನೋಡ್ತಿರ್ತಾರೆ, ಬಿರಿಯಾನಿ ಯಾವಾಗ ಅಂತ ಕಾಯ್ತಿರ್ತಾರೆ, ನೀವು ಕಿವಿಗೊಟ್ಟು ಕೇಳಿ ಮೂರು ಹೆಸರು ನೆನಪಿಟ್ಕೊಂಡು ಬಂದಿದೀರಿ. ಆ ಮೂರು ಹೆಸರಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ.

ಮೊದ್ಲು ಒಂದು ಮಾತು ಕ್ಲಿಯರ್ ಮಾಡ್ಕೊಳ್ಳೋಣ. ಇಲ್ಲಿ ಎರಡು ವಂಶ ಇದೆ. ಒಂದು ನಸಬ್, ಅಂದ್ರೆ ರಕ್ತದ್ದು, ಅಪ್ಪ ಮಗ ಮೊಮ್ಮಗ. ಇನ್ನೊಂದು ಸನದ್, ಅಂದ್ರೆ ಯಾರು ಯಾರ ಮುಂದೆ ಕೂತು ಹದೀಸ್ (ಪ್ರವಾದಿಗಳ ನುಡಿ ನಡೆಯ ದಾಖಲೆ) ಓದಿದ್ರು, ಯಾರು ಯಾರಿಗೆ ಮುಂದೆ ಕಲಿಸೋಕೆ ಇಜಾಜತ್ (ಅನುಮತಿ) ಕೊಟ್ರು ಅನ್ನೋ ಲೆಕ್ಕ. ಹದಿನೆಂಟನೇ ಶತಮಾನದ ಡೆಲ್ಲಿ ವಿದ್ವಾಂಸರಾದ ಶಾ ವಲಿಯುಲ್ಲಾ ಅವರ ವಿಷಯದಲ್ಲಿ ಮೊದಲ ನೂರು ವರ್ಷ ಈ ಎರಡೂ ಒಂದೇ ಮನೆಯೊಳಗೆ ಹರೀತು, ಆಮೇಲೆ ಬೇರೆಬೇರೆ ಆಯ್ತು. ರಕ್ತದ್ದು ತೆಳ್ಳಗಾಯ್ತು, ಸನದಿಂದು ಗಂಗೆ ಥರ ಅಗಲ ಆಯ್ತು. ನಿಮ್ಮ ಅಕ್ಕನ ಮಗ ಎರಡನೇ ವಂಶದವನು.

ನಮ್ಮ ಕಡೆ ಇದನ್ನ ಅರ್ಥ ಮಾಡ್ಸೋಕೆ ನಾನು ಯಾವಾಗ್ಲೂ ಕಿರಾಣಾ ಘರಾನಾ ಉದಾಹರಣೆ ಕೊಡ್ತೀನಿ. ಅಬ್ದುಲ್ ಕರೀಂ ಖಾನ್ ಸಾಹೇಬ್ರು ಉತ್ತರಪ್ರದೇಶದ ಕೈರಾನಾ ಊರಿನವರು, ಅವರ ಗಾಯನ ಕುಂದಗೋಳದ ಸವಾಯಿ ಗಂಧರ್ವರಿಗೆ ಬಂತು, ಅಲ್ಲಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ರಕ್ತಸಂಬಂಧ ಇಲ್ಲ, ಆದ್ರೂ ಇವರನ್ನ ಕೈರಾನಾದ ವಾರಸುದಾರರಲ್ಲ ಅಂತ ಯಾರಾದ್ರೂ ಹೇಳ್ತಾರಾ? ಮತ್ತೆ ಈ ಉದಾಹರಣೆ ನಾನು ಸುಮ್ನೆ ಆರಿಸ್ಕೊಂಡಿದ್ದಲ್ಲ, ಕೈರಾನಾ, ಕಾಂಧ್ಲಾ, ಬುಢಾನಾ, ಫುಲತ್, ನಾನೌತಾ, ಗಂಗೋಹ್, ದೇವಬಂದ್ ಇವೆಲ್ಲ ಯಮುನೆ ಗಂಗೆ ನಡುವೆ ಒಂದೇ ಸೀಮೆಯ ಊರುಗಳು, ಮುಜಫ್ಫರ್‌ನಗರ, ಶಾಮ್ಲಿ, ಸಹಾರನ್‌ಪುರ ಕಡೆ. ನಾನೀಗ ಹೇಳೋ ಕಥೆಯ ಅರ್ಧ ಜನ ಈ ಸೀಮೆಯವರೇ.

ಈಗ ಮನೆ ವಿಷಯಕ್ಕೆ ಬರೋಣ. ವಲಿಯುಲ್ಲಾ ಅವರ ತಾತ ಶಾ ವಜೀಹುದ್ದೀನ್ ಮೊಘಲ್ ಸೈನ್ಯದಲ್ಲಿದ್ದವರು. ಅಪ್ಪ ಶಾ ಅಬ್ದುರ್ರಹೀಮ್ ಕತ್ತಿ ಬಿಟ್ಟು ಪುಸ್ತಕ ಹಿಡಿದ್ರು, ಔರಂಗಜೇಬನ ಕಾಲದಲ್ಲಿ ಫತಾವಾ ಆಲಂಗೀರಿ ಅನ್ನೋ ದೊಡ್ಡ ಕಾನೂನು ಗ್ರಂಥ ರೆಡಿ ಆಗೋವಾಗ ಸ್ವಲ್ಪ ದಿನ ಅದ್ರಲ್ಲಿ ಕೆಲಸ ಮಾಡಿ ಹೊರಗೆ ಬಂದ್ರು, ಡೆಲ್ಲೀಲಿ ಸ್ವಂತ ಮದ್ರಸ ನಡೆಸಿದ್ರು, ಅದಕ್ಕೆ ಮದ್ರಸ ರಹೀಮಿಯಾ ಅಂತ ಹೆಸರು. ಇಳಿವಯಸ್ಸಲ್ಲಿ ಇನ್ನೊಂದು ಮದುವೆ ಆದ್ರು, ಹುಡುಗಿ ಫುಲತ್ ಊರಿನ ವಿದ್ವಾಂಸರ ಮನೆಯವರು. 1703ರ ಫೆಬ್ರವರಿ 21ರಂದು ಆ ತಾಯಿಯ ಊರಲ್ಲೇ ಮಗ ಹುಟ್ಟಿದ್ದು. ಏಳನೇ ವಯಸ್ಸಿಗೆ ಕುರಾನ್ ಬಾಯಿಪಾಠ, ಹದಿನಾಲ್ಕಕ್ಕೆ ಮದುವೆ, 1719ರಲ್ಲಿ ಅಪ್ಪ ತೀರ್ಕೊಂಡಾಗ ಹದಿನೇಳರ ಆಸುಪಾಸಿನ ಹುಡುಗ ಅಪ್ಪನ ಜಾಗದಲ್ಲಿ ಕೂತು ಪಾಠ ಹೇಳೋಕೆ ಶುರು ಮಾಡಿದ್ರು.

ಸುಮಾರು ಹನ್ನೆರಡು ವರ್ಷ ಹಂಗೇ ಪಾಠ ಹೇಳಿ 1731ರ ಸುಮಾರಿಗೆ ಹಜ್‌ಗೆ ಹೋದ್ರು. ಇದು ಬರೀ ಯಾತ್ರೆ ಆಗಿರ್ಲಿಲ್ಲ. ಮದೀನಾದಲ್ಲಿ ಅಬೂ ತಾಹಿರ್ ಕುರ್ದಿ ಅನ್ನೋ ಗುರುಗಳ ಮುಂದೆ ಹದೀಸ್ ಗ್ರಂಥಗಳನ್ನ ಓದಿ ಇಜಾಜತ್ ತಗೊಂಡ್ರು. ಅಬೂ ತಾಹಿರ್‌ಗೆ ಅವರಪ್ಪ ಇಬ್ರಾಹಿಂ ಕೂರಾನಿಯಿಂದ ಬಂದಿದ್ದು, ಹಿಂಗೇ ಹಿಂದಕ್ಕೆ ಹೋಗ್ತಾ ಇಬ್ನ್ ಹಜರ್ ಅಸ್ಕಲಾನಿ, ಅಲ್ಲಿಂದ ಇಮಾಮ್ ಬುಖಾರಿವರೆಗೆ. ಈ ಗುರುಗಳು ತಮ್ಮ ಶಿಷ್ಯನ ಬಗ್ಗೆ ಹೇಳಿದ್ದು ಅಂತ ಒಂದು ಮಾತಿದೆ, ಇವನು ನನ್ನಿಂದ ಶಬ್ದದ ಸನದ್ ತಗೋತಾನೆ, ನಾನು ಇವನಿಂದ ಅರ್ಥ ಸರಿಮಾಡ್ಕೋತೀನಿ ಅಂತ. ಒಬ್ಬ ಗುರು ಶಿಷ್ಯನ ಬಗ್ಗೆ ಇದಕ್ಕಿಂತ ದೊಡ್ಡ ಮಾತು ಹೇಳೋಕೆ ಆಗುತ್ತಾ? ನಿಮ್ಮ ಹಜ್ರತ್ ಓದಿದ ಸರಪಳಿಯಲ್ಲಿ ಹಿಂದೂಸ್ತಾನದ ಹೆಸರುಗಳೆಲ್ಲ ಮುಗಿದು ಅರಬ್ ಹೆಸರುಗಳು ಶುರು ಆಗೋದು ಇಲ್ಲೇ, ವಲಿಯುಲ್ಲಾ ಆದ್ಮೇಲೆ ಅಬೂ ತಾಹಿರ್ ಅಂತ ಬರುತ್ತೆ, ಮುಂದಿನ ಸಲ ಕೇಳಿಸ್ಕೊಳ್ಳಿ.

1732ರಲ್ಲಿ ವಾಪಸ್ ಬಂದು ಮೂವತ್ತು ವರ್ಷ ಬರೆದ್ರು, ಪಾಠ ಹೇಳಿದ್ರು. ಅರಬ್ಬಿಯಲ್ಲಿ ಹುಜ್ಜತುಲ್ಲಾಹಿಲ್ ಬಾಲಿಘಾ ಅನ್ನೋ ಗ್ರಂಥ, ಇಮಾಮ್ ಮಾಲಿಕರ ಮುವತ್ತಾ ಅನ್ನೋ ಹದೀಸ್ ಸಂಗ್ರಹಕ್ಕೆ ಅರಬ್ಬಿಯಲ್ಲೊಂದು ಪರ್ಷಿಯನ್‌ನಲ್ಲೊಂದು ವ್ಯಾಖ್ಯಾನ, ಮತ್ತೆ ಕುರಾನಿನ ಪರ್ಷಿಯನ್ ಅನುವಾದ. ಆಗ ಓದು ಬಲ್ಲ ಜನಕ್ಕೆ ಗೊತ್ತಿದ್ದ ಭಾಷೆ ಪರ್ಷಿಯನ್, ಅವರ ಕೈಗೆ ಕುರಾನಿನ ಅರ್ಥ ಸಿಗ್ಬೇಕು ಅನ್ನೋದೇ ಅವರ ಆಸೆ. ಇದನ್ನ ನೆನಪಿಟ್ಕೊಳ್ಳಿ, ಮಕ್ಕಳು ಇದನ್ನ ಎಲ್ಲಿಗೆ ತಗೊಂಡು ಹೋದ್ರು ಅಂತ ಮುಂದೆ ಹೇಳ್ತೀನಿ.

ವಲಿಯುಲ್ಲಾ ಅಫ್ಘಾನ್ ದೊರೆ ಅಹ್ಮದ್ ಶಾ ಅಬ್ದಾಲಿಗೆ ಪತ್ರ ಬರೆದ್ರಲ್ಲ ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ಅದಕ್ಕೆ ಮುಂಚೇನೇ ಹೇಳ್ಬಿಡ್ತೀನಿ. ಹೌದು, ಅವರ ಹೆಸರಲ್ಲಿ ಪ್ರಕಟವಾಗಿರೋ ರಾಜಕೀಯ ಪತ್ರಗಳಲ್ಲಿ ಅದೂ ಇದೆ. ಆ ಪತ್ರದಿಂದಲೇ 1761ರ ಪಾಣಿಪತ್ ಯುದ್ಧ ಆಯ್ತು ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ, ಅಬ್ದಾಲಿ ಅದಕ್ಕೂ ಮುಂಚೆ ಹಲವಾರು ಸಲ ಬಂದು ದೋಚಿಕೊಂಡು ಹೋದವನು, ಅವನಿಗೆ ಕರೆಯೋಲೆ ಬೇಕಿರ್ಲಿಲ್ಲ. ಡೆಲ್ಲಿ ಜನ ಅಬ್ದಾಲಿ, ಮರಾಠರು ಎರಡೂ ಕಡೆಯಿಂದ ಸುಲಿಗೆ ಆದ್ರು. ವಲಿಯುಲ್ಲಾ ಕೊನೇ ದಿನಗಳಲ್ಲಿ ಬುಢಾನಾದಲ್ಲಿದ್ರು, ಕಾಯಿಲೆ ಜಾಸ್ತಿ ಆದಾಗ ಡೆಲ್ಲಿಗೆ ಕರ್ಕೊಂಡು ಬಂದ್ರು, 1762ರ ಆಗಸ್ಟ್‌ನಲ್ಲಿ ತೀರ್ಕೊಂಡ್ರು.

ಈಗ ಮಕ್ಕಳು. ಮೊದಲ ಹೆಂಡತಿಯಿಂದ ಮುಹಮ್ಮದ್ ಅಂತ ಒಬ್ಬ ಮಗ, ಅವರು ಬುಢಾನಾದಲ್ಲೇ ನೆಲೆಸಿದ್ರು. ಎರಡನೇ ಹೆಂಡತಿಯಿಂದ ನಾಲ್ಕು ಜನ: ಶಾ ಅಬ್ದುಲ್ ಅಜೀಜ್, ಶಾ ರಫೀಉದ್ದೀನ್, ಶಾ ಅಬ್ದುಲ್ ಖಾದಿರ್, ಶಾ ಅಬ್ದುಲ್ ಘನಿ. ಅಪ್ಪ ಹೋದಾಗ ದೊಡ್ಡವರಾದ ಅಬ್ದುಲ್ ಅಜೀಜ್‌ಗೆ ಹಿಜ್ರಿ ಲೆಕ್ಕದಲ್ಲಿ ಹದಿನೇಳು ವರ್ಷ! ಅಪ್ಪನಿಗೆ ಆಗಿದ್ದೇ ಮಗನಿಗೂ ಆಯ್ತು. ಅವರ ಓದು ಇನ್ನೂ ಮುಗಿದಿರ್ಲಿಲ್ಲ, ಮುಗಿಸಿ ಕೊಟ್ಟವರು ಅಪ್ಪನ ಶಿಷ್ಯರಾದ ಆಶಿಕ್ ಫುಲತಿ ಮತ್ತು ನೂರುಲ್ಲಾ ಬುಢಾನವಿ. ಈ ಆಶಿಕ್ ಫುಲತಿ ವಲಿಯುಲ್ಲಾಗೆ ತಾಯಿ ಕಡೆಯ ಬಂಧು, ಹಜ್‌ಗೂ ಜೊತೆಗೆ ಹೋಗಿದ್ದವರು, ವಲಿಯುಲ್ಲಾ ಬರೆದಿಟ್ಟ ಕರಡುಗಳನ್ನ ಕೂತು ನೀಟಾಗಿ ಪ್ರತಿ ಮಾಡಿ ಉಳಿಸಿದವರು. ನೂರುಲ್ಲಾ ಮುಂದೆ ಅಬ್ದುಲ್ ಅಜೀಜ್‌ಗೆ ಮಾವ ಆದ್ರು. ನೋಡಿ, ಅಪ್ಪನಿಂದ ಶಿಷ್ಯರಿಗೆ ಹೋಗಿದ್ದು ಶಿಷ್ಯರಿಂದ ವಾಪಸ್ ಮಗನಿಗೆ ಬಂತು, ಶಿಷ್ಯ ಬೀಗರಾದ್ರು. ಇದನ್ನ ನಾನು ಹೇಳಿ ಹೇಳಿ ದಣಿಯಲ್ಲ, ಯಾಕಂದ್ರೆ ಜನ ಈ ಮನೆತನ ಅಂದ್ರೆ ಅಪ್ಪ ಮಗ ಅಪ್ಪ ಮಗ ಅಂತ ನೇರ ಗೆರೆ ಎಳೀತಾರೆ, ಫುಲತ್ ಬುಢಾನಾದ ನೆಂಟರಿಲ್ಲದಿದ್ರೆ ಆ ಗೆರೆ 1762ರಲ್ಲೇ ತುಂಡಾಗ್ತಿತ್ತು.

ಅಬ್ದುಲ್ ಅಜೀಜ್ ತಮ್ಮಂದಿರಿಗೆ ಅಣ್ಣನೂ ಹೌದು ಗುರುವೂ ಹೌದು, ಅಪ್ಪನ ಸ್ಥಾನದಲ್ಲಿ ನಿಂತು ಓದಿಸಿದ್ರು. ಹರೆಯದಲ್ಲೇ ಆರೋಗ್ಯ ಕೆಟ್ಟು ಕಣ್ಣು ಕೂಡ ಹೋಯ್ತು, ಆದ್ರೂ ಅರವತ್ತು ವರ್ಷ ಡೆಲ್ಲೀಲಿ ಪಾಠ ನಿಲ್ಲಿಸಲಿಲ್ಲ, ವಾರಕ್ಕೆ ಎರಡು ದಿನ, ಮಂಗಳವಾರ ಶುಕ್ರವಾರ, ಸಾಮಾನ್ಯ ಜನಕ್ಕೆ ಪ್ರವಚನ. ಕಂಪನಿ ಡೆಲ್ಲಿ ಹಿಡಿದ ಕಾಲದಲ್ಲಿ, 1803ರ ಆಸುಪಾಸು, ಇಲ್ಲಿ ಈಗ ನಡೀತಿರೋದು ಪಾದ್ರಿಗಳ ಹುಕುಂ ಅಂತ ದಾರುಲ್ ಹರ್ಬ್ (ಇಸ್ಲಾಮಿ ಆಳ್ವಿಕೆ ಇಲ್ಲದ ನಾಡು) ಅನ್ನೋ ಫತ್ವಾ ಕೊಟ್ಟವರು ಇವರೇ. ಅದೇ ಮನುಷ್ಯ ಇಂಗ್ಲಿಷ್ ಕಲಿಯೋದು ತಪ್ಪಲ್ಲ ಅಂದ್ರು, ಅಳಿಯ ಅಬ್ದುಲ್ ಹಯ್ ಬುಢಾನವಿಗೆ ಕಂಪನಿ ಕೈಕೆಳಗೆ ಮೀರತ್‌ನಲ್ಲಿ ಮುಫ್ತಿ ಕೆಲಸಕ್ಕೆ ಹೋಗೋಕೆ ಒಪ್ಪಿಗೆ ಕೊಟ್ರು. ಬರೀ ಫತ್ವಾ ಹಿಡ್ಕೊಂಡು ಅವರನ್ನ ಬಂಡಾಯಗಾರ ಅನ್ನೋರೂ, ಬರೀ ನೌಕರಿ ವಿಷಯ ಹಿಡ್ಕೊಂಡು ರಾಜಿ ಮಾಡ್ಕೊಂಡ್ರು ಅನ್ನೋರೂ ಇಬ್ರೂ ಅರ್ಧ ಓದಿದೋರು. ಕುಸೀತಿರೋ ಊರಲ್ಲಿ ಜನ ಅನ್ನ ತಿನ್ಬೇಕು ಧರ್ಮಾನೂ ಉಳೀಬೇಕು, ಎರಡಕ್ಕೂ ಉತ್ತರ ಕೊಡೋ ಹೊಣೆ ಅವರ ಮೇಲಿತ್ತು.

ತಮ್ಮಂದಿರಲ್ಲಿ ಇಬ್ರು ಮಾಡಿದ ಕೆಲಸ ಇವತ್ತಿಗೂ ಮನೆಮನೇಲಿ ಇದೆ. ಅಪ್ಪ ಪರ್ಷಿಯನ್‌ಗೆ ತಂದ ಕುರಾನನ್ನ ಮಕ್ಕಳು ಉರ್ದುಗೆ ತಂದ್ರು. ರಫೀಉದ್ದೀನ್ ಅವರದ್ದು ಪದಕ್ಕೆ ಪದ ಇಡೋ ಅನುವಾದ, ಅರಬ್ಬಿ ಪದದ ಕೆಳಗೆ ಉರ್ದು ಪದ. ಅಬ್ದುಲ್ ಖಾದಿರ್ ಅವರದ್ದು ಬೇರೆ ದಾರಿ, ಡೆಲ್ಲಿ ಜನ ಮನೇಲಿ ಆಡೋ ಮಾತಲ್ಲಿ ಬರೆದ್ರು, ಮೂಝಿಹೆ ಕುರಾನ್ ಅಂತ ಅದ್ರ ಹೆಸರು, ಆ ಹೆಸರಿನ ಅಕ್ಷರಗಳ ಸಂಖ್ಯೆ ಕೂಡಿದ್ರೆ ಹಿಜ್ರಿ 1205 ಬರುತ್ತೆ, ಅಂದ್ರೆ 1790. ಅಡುಗೆಮನೆಯಲ್ಲಿರೋ ಅಜ್ಜಿಗೂ ಅರ್ಥ ಆಗೋ ಉರ್ದು ಅದು. ನಾನು ಉರ್ದು ಓದೋಕೆ ಕಲ್ತಿದ್ದೇ ಆ ಪುಸ್ತಕ ಓದೋಕೆ, ಹಂಗಾಗಿ ನಂಗೆ ಆ ನಾಲ್ಕು ಜನರಲ್ಲಿ ಇವರ ಮೇಲೆ ಪ್ರೀತಿ ಒಂದು ಕೈ ಜಾಸ್ತಿ. ಇವರು ಹೆಚ್ಚಿನ ಬದುಕನ್ನ ಕೆಂಪುಕೋಟೆ ಹತ್ರದ ಅಕ್ಬರಾಬಾದಿ ಮಸೀದಿಯಲ್ಲಿ ಕಳೆದ್ರು, 1857ರ ನಂತರ ಇಂಗ್ಲಿಷರು ಆ ಮಸೀದೀನ ನೆಲಸಮ ಮಾಡಿದ್ರು. 2012ರಲ್ಲಿ ಮೆಟ್ರೋ ಕೆಲಸಕ್ಕೆ ಅಂತ ಸುಭಾಷ್ ಪಾರ್ಕ್ ಹತ್ರ ಅಗೆದಾಗ ಹಳೇ ಗೋಡೆ ಸಿಕ್ಕಿ, ಅದು ಇದೇ ಮಸೀದಿದು ಅಂತ ದೊಡ್ಡ ಸುದ್ದಿ ಆಗಿತ್ತಲ್ಲ, ನೆನಪಿರಬಹುದು.

ನಾಲ್ಕನೆಯವರು ಅಬ್ದುಲ್ ಘನಿ, ಅವರು ಬೇಗ ಹೋದ್ರು. ಆಮೇಲೆ ಅಬ್ದುಲ್ ಖಾದಿರ್ 1815ರಲ್ಲಿ, ರಫೀಉದ್ದೀನ್ 1818ರಲ್ಲಿ, ಕೊನೆಗೆ ಎಲ್ಲರಿಗಿಂತ ದೊಡ್ಡವರಾದ ಅಬ್ದುಲ್ ಅಜೀಜ್ 1824ರಲ್ಲಿ. ಹುಟ್ಟಿದ ಕ್ರಮಕ್ಕೆ ಪೂರ್ತಿ ಉಲ್ಟಾ. ಎತ್ತಿ ಆಡಿಸಿದ ಮೂರೂ ತಮ್ಮಂದಿರನ್ನ ಕಣ್ಣಿಲ್ಲದ ಅಣ್ಣ ಮಣ್ಣು ಮಾಡಿದ್ರು.

ಇಲ್ಲಿಂದ ರಕ್ತದ ಲೈನ್ ತಿರುವು ತಗೊಳ್ಳುತ್ತೆ. ಅಬ್ದುಲ್ ಅಜೀಜ್‌ಗೆ ಗಂಡು ಸಂತಾನ ಉಳೀಲಿಲ್ಲ, ಹೆಣ್ಣುಮಕ್ಕಳು. ಅಬ್ದುಲ್ ಖಾದಿರ್‌ಗೆ ಒಬ್ಬಳೇ ಮಗಳು. ಹಂಗಾಗಿ ಗಾದಿ ಹೋಗಿದ್ದು ಮಗಳ ಮಗನಿಗೆ, ಅವರೇ ನೀವು ಕೇಳಿಸ್ಕೊಂಡ ಶಾ ಇಸ್‌ಹಾಕ್. ತಾತನ ಮಡಿಲಲ್ಲೇ ಬೆಳೆದು ಓದಿದೋರು, ತಾತ ಹೋದ್ಮೇಲೆ ಸುಮಾರು ಹದಿನೇಳು ವರ್ಷ ಡೆಲ್ಲೀಲಿ ಹದೀಸ್ ಪಾಠ ಹೇಳಿ, 1840ರ ದಶಕದ ಶುರುವಲ್ಲಿ ತಮ್ಮ ಯಾಕೂಬ್ ಜೊತೆ ಮನೆಮಂದಿ ಸಮೇತ ಮಕ್ಕಾಗೆ ಹೊರಟುಹೋದ್ರು. 1846ರಲ್ಲಿ ಅಲ್ಲೇ ತೀರ್ಕೊಂಡ್ರು. ಇನ್ನೊಂದು ಕಡೆ ಅಬ್ದುಲ್ ಘನಿ ಅವರ ಮಗ ಶಾ ಇಸ್ಮಾಯಿಲ್, 1779ರಲ್ಲಿ ಹುಟ್ಟಿದೋರು, ದೊಡ್ಡಪ್ಪ ಅಬ್ದುಲ್ ಖಾದಿರ್ ಹತ್ರ ಬೆಳೆದ್ರು, ರಾಯ್‌ಬರೇಲಿಯ ಸಯ್ಯದ್ ಅಹ್ಮದ್ ಅವರ ಕೈಗೆ ಬೈಅತ್ (ನಿಷ್ಠೆಯ ಪ್ರತಿಜ್ಞೆ) ಮಾಡಿ ಅವರ ಜೊತೆ ವಾಯವ್ಯ ಗಡಿಗೆ ಹೋಗಿ ಸಿಖ್ ಸೈನ್ಯದ ಎದುರು 1831ರ ಮೇ 6ರಂದು ಬಾಲಾಕೋಟ್‌ನಲ್ಲಿ ಇಬ್ರೂ ಸತ್ರು. ಸಯ್ಯದ್ ಅಹ್ಮದ್ ಕೂಡ ಇದೇ ಮನೆಯಲ್ಲಿ ಅಬ್ದುಲ್ ಅಜೀಜ್ ಮತ್ತೆ ಅಬ್ದುಲ್ ಖಾದಿರ್ ಹತ್ರ ಇದ್ದು ಬೆಳೆದೋರು.

ಇಲ್ಲಿ ಒಂದು ಮುಖ್ಯ ವಿಷಯ ಇದೆ, ಇದನ್ನ ಎಲ್ಲಾ ಗುಂಪಿನವರೂ ಮರೆಮಾಚ್ತಾರೆ ಅನ್ನೋದು ನನ್ನ ಬೇಸರ. ಇವತ್ತು ದೇವಬಂದಿ ಬರೇಲ್ವಿ (ಅಂದ್ರೆ ಸುನ್ನತ್ ಜಮಾತ್) ಅಂತ ಆಗೋ ಜಗಳ ಹೊರಗಿನಿಂದ ಬಂದಿದ್ದಲ್ಲ, ಈ ಮನೆಯ ಅಂಗಳದಲ್ಲೇ ಹುಟ್ಟಿದ್ದು. ಶಾ ಇಸ್ಮಾಯಿಲ್ ತಕ್ವಿಯತುಲ್ ಈಮಾನ್ ಅಂತ ಉರ್ದುವಲ್ಲಿ ಒಂದು ಪುಸ್ತಕ ಬರೆದ್ರು, ದರ್ಗಾ ಹರಕೆ, ಪೀರರ ಹತ್ರ ಬೇಡ್ಕೊಳ್ಳೋದು ಇದನ್ನೆಲ್ಲ ತುಂಬಾ ಕಟುವಾಗಿ ಖಂಡಿಸಿದ್ರು. ಅದನ್ನ ಮೊದಲಿಗೆ ವಿರೋಧಿಸಿದವರಲ್ಲಿ ಅವರ ದೊಡ್ಡಪ್ಪನ ಮಕ್ಕಳೇ ಇದ್ರು, ರಫೀಉದ್ದೀನ್ ಅವರ ಮಗ ಮಖ್‌ಸೂಸುಲ್ಲಾ. ಇನ್ನೊಬ್ರು ದೊಡ್ಡ ವಿರೋಧಿ ಫಜ್ಲೆ ಹಕ್ ಖೈರಾಬಾದಿ, ಅವರೂ ಹದೀಸ್ ಓದಿದ್ದು ಇದೇ ಮನೆಯಲ್ಲಿ, ಅಬ್ದುಲ್ ಖಾದಿರ್ ಹತ್ರ. ಒಂದೇ ಜಗಲಿ ಮೇಲೆ ಕೂತು ಓದಿದೋರು ಎದುರುಬದುರಾದ್ರು. ಮುಂದೆ ಈ ಫಜ್ಲೆ ಹಕ್ 1857ರ ದಂಗೆಯಲ್ಲಿ ಶಿಕ್ಷೆ ಆಗಿ 1861ರಲ್ಲಿ ಅಂಡಮಾನ್‌ನಲ್ಲಿ ಸತ್ರು. ಅವರ ಮಗಳ ಮಗ ಕವಿ ಮುಜ್ತರ್ ಖೈರಾಬಾದಿ, ಮುಜ್ತರ್ ಮಗ ಜಾನಿಸಾರ್ ಅಖ್ತರ್, ಅವರ ಮಗ ನಾವೆಲ್ಲ ಬಲ್ಲ ಜಾವೇದ್ ಅಖ್ತರ್. ಇನ್ನೊಬ್ರನ್ನ ಹೇಳ್ಬೇಕು, ಮಖ್‌ಸೂಸುಲ್ಲಾ ಅವರ ಹತ್ರ ಪಾಠ ಹೇಳಿಸ್ಕೊಂಡವರಲ್ಲಿ ಸರ್ ಸಯ್ಯದ್ ಅಹ್ಮದ್ ಖಾನ್ ಕೂಡ ಒಬ್ರು, ಅಲೀಗಢ್ ಕಟ್ಟಿದೋರು. ಕವಿ ಮೋಮಿನ್‌ಗೆ ಮೋಮಿನ್ ಅಂತ ಹೆಸರಿಟ್ಟಿದ್ದೇ ಶಾ ಅಬ್ದುಲ್ ಅಜೀಜ್ ಅಂತ ಡೆಲ್ಲಿಯವರು ಹೇಳ್ತಾರೆ.

ಸರಿ, ಈಗ ನಿಮ್ಮ ಹಂಚಿಕೆ ಪ್ರಶ್ನೆ. ಕವಲು ಒಡೆಯೋದು ಎರಡು ಹೆಸರಲ್ಲಿ, ಅಬ್ದುಲ್ ಅಜೀಜ್ ಮತ್ತು ಅವರ ಮೊಮ್ಮಗ ಇಸ್‌ಹಾಕ್.

ದೇವಬಂದ್ ಕವಲು ಹಿಂಗೆ: ಶಾ ಇಸ್‌ಹಾಕ್ ಹತ್ರ ಓದಿದ ಶಾ ಅಬ್ದುಲ್ ಘನಿ ಮುಜದ್ದಿದಿ, ಅವರ ಹತ್ರ ಓದಿದ ಖಾಸಿಂ ನಾನೌತವಿ ಮತ್ತು ರಶೀದ್ ಅಹ್ಮದ್ ಗಂಗೋಹಿ. ದಯವಿಟ್ಟು ಇಲ್ಲಿ ಕನ್ಫ್ಯೂಸ್ ಆಗ್ಬೇಡಿ, ಈ ಅಬ್ದುಲ್ ಘನಿ ವಲಿಯುಲ್ಲಾ ಅವರ ಮಗ ಅಲ್ಲ, ಇವರು ಶೇಖ್ ಅಹ್ಮದ್ ಸರ್‌ಹಿಂದಿ ವಂಶದವರು, 1857ರ ನಂತರ ಮದೀನಾಗೆ ಹೋಗಿ 1878ರಲ್ಲಿ ಅಲ್ಲೇ ತೀರ್ಕೊಂಡವರು, ಎಷ್ಟೋ ಲೇಖನಗಳಲ್ಲಿ ಇಬ್ಬರನ್ನೂ ಒಂದು ಮಾಡಿ ಬರೆದಿರ್ತಾರೆ. ಅದೇ ಥರ ಶೇಖ್ ಅಬ್ದುಲ್ ಹಕ್ ದೆಹಲವಿ ಅನ್ನೋರು 1642ರಲ್ಲೇ ತೀರಿಹೋದ ಬೇರೆ ಮನೆತನದ ವಿದ್ವಾಂಸರು, ಊರಷ್ಟೇ ಒಂದು. ನಾನೌತವಿ ಗಂಗೋಹಿ ಕಡೆಯವರ ದೇವಬಂದ್ ಮದ್ರಸ 1866ರಲ್ಲಿ ಅಲ್ಲಿನ ಛತ್ತಾ ಮಸೀದೀಲಿ ದಾಳಿಂಬೆ ಗಿಡದ ಕೆಳಗೆ ಒಬ್ಬ ಗುರು ಒಬ್ಬ ಶಿಷ್ಯನಿಂದ ಶುರು ಆಯ್ತು, ಇಬ್ರ ಹೆಸರೂ ಮಹಮೂದ್. ಆ ಹುಡುಗ ಮಹಮೂದ್ ಹಸನ್ ಮುಂದೆ ಶೇಖುಲ್ ಹಿಂದ್ ಅನ್ನಿಸ್ಕೊಂಡು ಇಂಗ್ಲಿಷರ ವಿರುದ್ಧ ರೇಷ್ಮೆ ಪತ್ರದ ಸಂಚಿನಲ್ಲಿ ಸಿಕ್ಕಿ ಮಾಲ್ಟಾ ದ್ವೀಪದಲ್ಲಿ ಸೆರೆ ಇದ್ದು 1920ರಲ್ಲಿ ಬಿಡುಗಡೆ ಆಗಿ ಅದೇ ವರ್ಷ ತೀರ್ಕೊಂಡ್ರು. ಅವರ ಶಿಷ್ಯ ಹುಸೇನ್ ಅಹ್ಮದ್ ಮದನಿ, ದೇಶ ಒಡೆಯೋದು ಬೇಡ ಅಂತ ಗಟ್ಟಿಯಾಗಿ ನಿಂತೋರು.

ಅಹ್ಲೆ ಹದೀಸ್ ಕವಲು ಇನ್ನೂ ಹತ್ತಿರದ್ದು. ಬಿಹಾರದ ಮುಂಗೇರ್ ಕಡೆಯಿಂದ ಡೆಲ್ಲಿಗೆ ಬಂದ ಸಯ್ಯದ್ ನಜೀರ್ ಹುಸೇನ್ ನೇರ ಶಾ ಇಸ್‌ಹಾಕ್ ಅವರಿಂದಲೇ ಇಜಾಜತ್ ಪಡೆದು, 1902ರಲ್ಲಿ ತೀರಿಕೊಳ್ಳೋವರೆಗೆ ಡೆಲ್ಲೀಲಿ ಹದೀಸ್ ಕಲಿಸಿದ್ರು.

ಸುನ್ನತ್ ಜಮಾತ್ ನಿಮ್ಮ ಗೆಳೆಯನ ಮಾತೂ ನಿಜ. ಬರೇಲಿಯ ಅಹ್ಮದ್ ರಜಾ ಖಾನ್ ಅವರಿಗೆ ಹದೀಸ್ ಸನದ್ ಬಂದಿದ್ದು ಅವರ ಪೀರ್ ಆದ ಮಾರಹ್ರಾದ ಶಾ ಆಲೆ ರಸೂಲ್ ಅವರಿಂದ, ಆಲೆ ರಸೂಲ್‌ಗೆ ಕೊಟ್ಟೋರು ಶಾ ಅಬ್ದುಲ್ ಅಜೀಜ್. ಇಲ್ಲಿ ಇಸ್‌ಹಾಕ್ ಹೆಸರು ಬರಲ್ಲ, ಒಂದು ಮೆಟ್ಟಿಲು ಮೇಲೇನೇ ಕವಲು ಒಡೆಯುತ್ತೆ. ಅಂದ್ರೆ ಯಾವ ಮೂರು ಗುಂಪು ಒಬ್ರ ಹಿಂದೆ ಒಬ್ರು ನಮಾಜ್ ಮಾಡೋಕೂ ಹಿಂದೆಮುಂದೆ ನೋಡ್ತಾರೋ ಅವರ ಮೂರೂ ಜನರ ಕಾಗದದಲ್ಲಿ ಒಬ್ಬ ಕುರುಡು ಗುರುವಿನ ಹೆಸರು ಇದ್ದೇ ಇರುತ್ತೆ. ನಂಗೆ ಇದು ಸಣ್ಣ ವಿಷಯ ಅಲ್ಲ.

ತಬ್ಲೀಗ್ ಜಮಾತಿನ ಮೌಲಾನಾ ಇಲ್ಯಾಸ್, ಫಜಾಯಿಲೆ ಅಮಲ್ ಬರೆದ ಶೇಖ್ ಜಕರಿಯಾ, ಇವರ ಕಾಂಧ್ಲಾ ಮನೆತನವೂ ಇದೇ ಬಳ್ಳಿ, ಆ ಮನೆಯ ಹಿರಿಯ ಮುಫ್ತಿ ಇಲಾಹಿ ಬಖ್ಷ್ ಅಬ್ದುಲ್ ಅಜೀಜರ ಶಿಷ್ಯರು. ವಲಿಯುಲ್ಲಾ ಹತ್ರಾನೇ ಸ್ವಲ್ಪ ಕಾಲ ಓದಿದ ಬಿಲ್‌ಗ್ರಾಮದ ಹುಡುಗ ಮುರ್ತಜಾ ಅಂತ, ಯಮನ್‌ನ ಜಬೀದ್‌ಗೆ ಹೋಗಿ ಅಲ್ಲಿಂದ ಕೈರೋ ಸೇರಿ ತಾಜುಲ್ ಅರೂಸ್ ಅನ್ನೋ ದೈತ್ಯ ಅರಬ್ಬಿ ನಿಘಂಟು ಬರೆದ, ಅರಬರು ಇವತ್ತಿಗೂ ಅದನ್ನ ತೆಗೆದು ನೋಡ್ತಾರೆ.

ಒಂದು ತಪ್ಪು ಕಲ್ಪನೆ ಇದೆ, ಅದನ್ನೂ ಹೇಳ್ತೀನಿ. ಮದ್ರಸದಲ್ಲಿ ಓದೋದೆಲ್ಲ ವಲಿಯುಲ್ಲಾ ಅವರ ಸಿಲೆಬಸ್ ಅಂತ ತಿಳ್ಕೊಂಡಿರ್ತಾರೆ. ಅಲ್ಲ. ದರ್ಸೆ ನಿಜಾಮಿ ಅಂತ ಕರೆಯೋ ಪಠ್ಯಕ್ರಮ ಲಕ್ನೋದ ಫರಂಗಿ ಮಹಲ್ ಮನೆತನದ್ದು, ಅದನ್ನ ಕಟ್ಟಿದ ಮುಲ್ಲಾ ನಿಜಾಮುದ್ದೀನ್ 1748ರಲ್ಲಿ ತೀರ್ಕೊಂಡ್ರು, ವಲಿಯುಲ್ಲಾ ಅವರ ಸಮಕಾಲೀನರು. ವ್ಯಾಕರಣ ತರ್ಕ ಎಲ್ಲ ಲಕ್ನೋ ದಾರಿ, ಕೊನೇ ವರ್ಷ ದೌರಾ ಹದೀಸ್‌ನಲ್ಲಿ ಆರು ಗ್ರಂಥ ಒಟ್ಟಿಗೆ ಓದಿ ಸನದ್ ತಗೊಳ್ಳೋದು ಡೆಲ್ಲಿ ದಾರಿ. ನಿಮ್ಮ ಅಕ್ಕನ ಮಗನ ತಲೆಯಲ್ಲಿ ಎರಡೂ ಊರು ಇದೆ.

ಈಗ ನೇರ ಪ್ರಶ್ನೆ, ವಂಶ ಈಗ್ಲೂ ಇದೆಯಾ? ಹೆಣ್ಣುಮಕ್ಕಳ ಕಡೆಯಿಂದ, ಫುಲತ್ ಬುಢಾನಾ ಕಡೆ ಬೆರೆತ ನೆಂಟಸ್ತನದಿಂದ ರಕ್ತ ಎಲ್ಲೋ ಹರೀತಾನೇ ಇರುತ್ತೆ, ಅದನ್ನ ಇಲ್ಲ ಅನ್ನೋಕೆ ಆಗಲ್ಲ. ಆದ್ರೆ ಡೆಲ್ಲೀಲಿ ಗಾದಿ ಮೇಲೆ ಕೂತು ಪಾಠ ಹೇಳೋ ವಾರಸುದಾರ ಮನೆ ಅಂತ ಇಸ್‌ಹಾಕ್ ಹಡಗು ಹತ್ತಿದ ದಿನಾನೇ ಮುಗೀತು. ಮದ್ರಸ ರಹೀಮಿಯಾ 1857ರಲ್ಲಿ ಹಾಳಾಯ್ತು. ಉಳಿದಿರೋದು ಗೋರಿಗಳು, ಡೆಲ್ಲಿ ಗೇಟ್ ಹತ್ರ ಆಜಾದ್ ಮೆಡಿಕಲ್ ಕಾಲೇಜ್ ಹಿಂದಿರೋ ಮೆಹಂದಿಯಾನ್ ಖಬರಸ್ತಾನ್. ನಾನು ಎರಡು ಸಲ ಹೋಗಿದೀನಿ. ಅಬ್ದುರ್ರಹೀಮ್, ವಲಿಯುಲ್ಲಾ, ನಾಲ್ಕು ಮಕ್ಕಳು, ಎಲ್ಲರೂ ಒಂದೇ ಕಡೆ ಮಲಗಿದಾರೆ, ಅದೇ ಖಬರಸ್ತಾನಲ್ಲಿ ಮೋಮಿನ್ ಕೂಡ. ಮೊದಲ ಸಲ ಹೋದಾಗ ದಾರಿ ತೋರಿಸಿದ್ದು ಆಸ್ಪತ್ರೆ ಹತ್ರ ಚಹಾ ಮಾರೋ ಹುಡುಗ, ಶಾ ಸಾಹೇಬ್ರದ್ದಾ ಅಂತ ಕೇಳಿ ಕರ್ಕೊಂಡು ಹೋಗಿ ಬಿಟ್ಟ. ಅಲ್ಲಿ ನಿಂತಾಗ ಬಾಯಲ್ಲಿ ಮಾತು ಬರಲ್ಲ.

ಆದ್ರೆ ಶಿಷ್ಯರ ಮನೆಗಳಲ್ಲಿ ಮತ್ತೆ ರಕ್ತದ ವಂಶ ಚಿಗುರಿತು, ಅದು ಗಮನಿಸೋ ವಿಷಯ. ಖಾಸಿಂ ನಾನೌತವಿ ಅವರ ಮಗ ಹಾಫಿಜ್ ಮುಹಮ್ಮದ್ ಅಹ್ಮದ್, ಅವರ ಮಗ ಖಾರಿ ತಯ್ಯಿಬ್ ಇಬ್ರೂ ದೇವಬಂದ್ ನಡೆಸಿದ್ರು, ತಯ್ಯಿಬ್ ಅವರಂತೂ ಅರ್ಧ ಶತಮಾನ. 1980ರ ಶತಮಾನೋತ್ಸವಕ್ಕೆ ಇಂದಿರಾ ಗಾಂಧಿ ಬಂದಿದ್ರು. ಅದಾಗಿ ಎರಡೇ ವರ್ಷಕ್ಕೆ ಆಡಳಿತದ ಜಗಳ ಆಗಿ ದಾರುಲ್ ಉಲೂಮ್ ವಕ್ಫ್ ಅಂತ ಪಕ್ಕದಲ್ಲೇ ಇನ್ನೊಂದಾಯ್ತು, ನಾನೌತವಿ ವಂಶದವರು ಆ ಕಡೆ ಹೋದ್ರು. ಗುರುವಿನ ಆಸನಕ್ಕೆ ಮಗ ವಾರಸುದಾರನಾ ಶಿಷ್ಯ ವಾರಸುದಾರನಾ ಅನ್ನೋ ಪ್ರಶ್ನೆ ಅಲ್ಲೂ ಬಂತು.

ಹೆಸರಿನ ಕೊನೇಲಿರೋದ್ರ ಬಗ್ಗೆ ನಮ್ಮ ಊರುಗಳಲ್ಲಿ ತುಂಬಾ ಗೊಂದಲ. ಖಾಸ್ಮಿ ಅಂತ ಇದ್ರೆ ಖಾಸಿಂ ನಾನೌತವಿ ಮೊಮ್ಮಗ ಅಂತಲ್ಲ, ದೇವಬಂದ್‌ನಲ್ಲಿ ಓದಿ ಮುಗಿಸಿದೋರು ಅಂತ ಅಷ್ಟೇ. ನದ್ವಿ ಅಂದ್ರೆ ಲಕ್ನೋದ ನದ್ವಾ, ಬಾಖವಿ ಅಂದ್ರೆ ವೆಲ್ಲೂರಿನ ಬಾಖಿಯಾತ್, ರಶಾದಿ ಅಂದ್ರೆ ಬೆಂಗಳೂರಿನ ಸಬೀಲುರ್ರಶಾದ್. ಭಟ್ಕಳದ ಜಾಮಿಯಾ ಇಸ್ಲಾಮಿಯಾ 1962ರಲ್ಲಿ ಶುರುವಾಗಿದ್ದು, ಅಲ್ಲಿಂದ ಹುಡುಗರು ನದ್ವಾಗೆ ಹೋಗ್ತಾರೆ, ನದ್ವಾವನ್ನ ದಶಕಗಟ್ಟಲೆ ನಡೆಸಿದ ಅಬುಲ್ ಹಸನ್ ಅಲಿ ನದ್ವಿ ಅಲಿ ಮಿಯಾಂ ಅಂತ ಪ್ರಸಿದ್ಧರು, ಬಾಲಾಕೋಟ್‌ನಲ್ಲಿ ಸತ್ತ ಸಯ್ಯದ್ ಅಹ್ಮದ್ ಅವರ ರಾಯ್‌ಬರೇಲಿ ಮನೆತನದವರೇ. ವೆಲ್ಲೂರಿನ ಬಾಖಿಯಾತ್ ಕಟ್ಟಿದ ಶಾ ಅಬ್ದುಲ್ ವಹ್ಹಾಬ್ ಮಕ್ಕಾದಲ್ಲಿ ಓದಿದ್ದು ರಹ್ಮತುಲ್ಲಾ ಕೈರಾನವಿ ಹತ್ರ, ನಾನು ಶುರುವಲ್ಲಿ ಹೇಳಿದ್ನಲ್ಲ ಅದೇ ಕೈರಾನಾ. ಹಾಡೂ ಅಲ್ಲಿಂದ ಬಂತು, ಹದೀಸ್ ಪಾಠವೂ ಅಲ್ಲಿಂದ ಬಂತು.

ಮಂಗಳೂರು ಉಡುಪಿ ಕಡೆ ಬ್ಯಾರಿ ಓದುಗರು ನಮ್ಮ ಉಸ್ತಾದರ ಕಥೆಯೂ ಇದೇನಾ ಅಂತ ಕೇಳಬಹುದು, ಅಲ್ಲಿ ಬುಡ ಬೇರೆ. ಕರಾವಳಿ ಶಾಫಿಈ (ಇಸ್ಲಾಮಿ ಕಾನೂನಿನ ಒಂದು ಪಂಥ) ನಾಡು, ದರ್ಸ್ (ಮಸೀದಿ ಪಾಠ) ಪರಂಪರೆ ಪೊನ್ನಾನಿಯ ಮಖ್ದೂಮ್ ಮನೆತನದಿಂದ ಬಂದಿದ್ದು, ಆ ಮನೆಯ ಮೊದಲ ಜೈನುದ್ದೀನ್ ಮಖ್ದೂಮ್ ವಲಿಯುಲ್ಲಾ ಹುಟ್ಟೋಕೆ ನೂರೆಂಬತ್ತು ವರ್ಷ ಮುಂಚೆ 1522ರಲ್ಲೇ ತೀರಿಹೋಗಿದ್ರು. ಸಅದಿ, ಸಖಾಫಿ, ಫೈಝಿ ಅಂತ ಹೆಸರಿಟ್ಕೊಂಡೋರ ದಾರಿ ಮಲಬಾರ್ ಕಡೆಯಿಂದ ಬರೋದು. ಹಾಗಿದ್ರೂ ಮಲಬಾರಿನ ಎಷ್ಟೋ ಹಿರಿಯರು ವೆಲ್ಲೂರಿಗೆ ಹೋಗಿ ಓದಿದೋರು, ಹಂಗಾಗಿ ನೀರು ಅಲ್ಲಲ್ಲಿ ಕೂಡಿದೆ.

ಕೊನೆಗೆ ನಿಮಗೊಂದು ಕೆಲಸ. ಅಕ್ಕನ ಮಗನಿಗೆ ಕೊಟ್ಟಿರೋ ಸನದ್ ಕಾಗದ ತೆಗೆಸಿ ಇಬ್ರೂ ಕೂತು ಓದಿ. ಅವನಿಂದ ಎಣಿಸ್ತಾ ಹೋದ್ರೆ ವಲಿಯುಲ್ಲಾ ತಲುಪೋಕೆ ಒಂಬತ್ತು ಹತ್ತು ಹೆಸರು ಸಾಕಾಗುತ್ತೆ, ಇನ್ನೂರ ಅರವತ್ತು ವರ್ಷಕ್ಕೆ ಬರೀ ಅಷ್ಟೇ ಜನ. ಶಾ ಇಸ್‌ಹಾಕ್ ಹೆಸರು ಬಂದ ಕಡೆ ಬೆರಳಿಟ್ಟು ಅದಕ್ಕಿಂತ ಈಚೆ ಯಾರ ಹೆಸರಿದೆ ನೋಡಿ, ಮುಜದ್ದಿದಿ ಇದ್ರೆ ದೇವಬಂದ್ ಕವಲು, ನಜೀರ್ ಹುಸೇನ್ ಇದ್ರೆ ಇನ್ನೊಂದು. ಹಂಗೇ ಇಸ್‌ಹಾಕ್‌ಗೂ ಅಬ್ದುಲ್ ಅಜೀಜ್‌ಗೂ ನಡುವೆ ಒಂದು ಕ್ಷಣ ನಿಲ್ಲಿಸಿ, ಅಲ್ಲಿ ಒಬ್ಬ ಮಗಳಿದಾಳೆ ಅಂತ ಅವನಿಗೆ ಹೇಳಿ. ಕಾಗದದಲ್ಲಿ ಅವಳ ಹೆಸರು ಬರೆದಿರಲ್ಲ.